ಪುರಾವೆ ವಾರ್ಡಿಗೆ ಇಳಿಯುವ ಬಗೆ: ನರ್ಸ್‌ಗಳಿಗೆ ನೆರವಾಗುವವರಿಗೊಂದು ಕೈಪಿಡಿ

ಹಲವು ವರ್ಷಗಳ ಹಿಂದೆ ಮಂಡ್ಯ ಜಿಲ್ಲೆಯ ಒಂದು ಆಸ್ಪತ್ರೆಯಲ್ಲಿ ನಾನು ಗಂಡಸರ ವಾರ್ಡಿನ ಇನ್‌ಚಾರ್ಜ್ ಆಗಿದ್ದೆ. ಒಂದು ಬೆಳಿಗ್ಗೆ, ಕಬ್ಬು ಕಡಿಯುವ ಕೆಲಸದ ಒಬ್ಬ ವೃದ್ಧರ ಕೈಯಿಂದ ನೋವಿಲ್ಲದ, ಕೆಂಪಾಗದ, ಸರಾಗವಾಗಿ ಓಡುತ್ತಿದ್ದ ಕ್ಯಾನುಲಾವನ್ನು (ಡ್ರಿಪ್ಸ್, ಔಷಧಿ ಕೊಡಲು ರಕ್ತನಾಳದೊಳಗೆ ಇಡುವ ಸಣ್ಣ ನಳಿಗೆಯನ್ನು) ತೆಗೆದೆವು. ಇನ್ನೊಂದು ಕೈಯಲ್ಲಿ ನರ (ರಕ್ತನಾಳ) ಸಿಗದೆ ಮೂರು ಸಲ ಚುಚ್ಚಬೇಕಾಯಿತು. ಟ್ರೇ ಹಿಡಿದು ನಿಂತಿದ್ದ ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ವಿದ್ಯಾರ್ಥಿನಿ, "ಚೆನ್ನಾಗಿದ್ದಿದ್ದನ್ನ ಯಾಕೆ ತೆಗೆದ್ವಿ ಮೇಡಂ?" ಎಂದು ಕೇಳಿದಳು. "ಮೂರು ದಿನ ಆಯ್ತಲ್ಲಮ್ಮ" ಎಂದೆ. ಮೂರೇ ದಿನ ಏಕೆ ಎಂಬ ಅವಳ ಮುಂದಿನ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ನನಗೆ ಹೇಳಿಕೊಟ್ಟವರು ಹಾಗೆ ಹೇಳಿದ್ದರು, ಅವರಿಗೆ ಹೇಳಿಕೊಟ್ಟವರೂ ಹಾಗೆಯೇ ಹೇಳಿದ್ದಿರಬೇಕು.

ಆ ಪ್ರಶ್ನೆಯೇ ಈ ಬರಹದ ಮೂಲ. ವಾರ್ಡ್ ಇನ್‌ಚಾರ್ಜ್‌ಗಳು, ನರ್ಸಿಂಗ್ ಸೂಪರಿಂಟೆಂಡೆಂಟರು, ಸೋಂಕು ನಿಯಂತ್ರಣದ ಹೊಣೆ ಹೊತ್ತ ಶುಶ್ರೂಷಾಧಿಕಾರಿಗಳು ಮತ್ತು ವಿದ್ಯಾರ್ಥಿಗಳನ್ನು ವಾರ್ಡಿಗೆ ಕರೆತರುವ ಬೋಧಕರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಪುರಾವೆ ಆಧಾರಿತ ಶುಶ್ರೂಷೆ ಎಂದರೆ ಏನೆಂಬುದನ್ನು ನಮ್ಮ ನರ್ಸ್‌ಗಳು ಪಠ್ಯದಲ್ಲಿ ಓದಿಯೇ ಬಂದಿರುತ್ತಾರೆ. ಅದನ್ನು ಹಾಸಿಗೆಯ ಪಕ್ಕದ ಕೆಲಸವನ್ನಾಗಿ ಮಾಡುವುದು ಹೇಗೆಂದು ಯಾರೂ ಜೊತೆ ನಿಂತು ತೋರಿಸಿರುವುದಿಲ್ಲ, ಮತ್ತು ನಾವು ತುಂಬಬೇಕಾದ ಕೊರತೆ ಅದೇ.

ಪದದ ಅರ್ಥವನ್ನು ಒಮ್ಮೆ ಸ್ಪಷ್ಟಪಡಿಸಿಕೊಳ್ಳುವುದು ಒಳ್ಳೆಯದು. ವೈದ್ಯ ಡೇವಿಡ್ ಸ್ಯಾಕೆಟ್ ಮತ್ತು ಸಂಗಡಿಗರು 1996ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪುರಾವೆ ಆಧಾರಿತ ವೈದ್ಯಕೀಯಕ್ಕೆ ಕೊಟ್ಟ ವಿವರಣೆಯ ಪ್ರಕಾರ, ಸಂಶೋಧನೆಯಿಂದ ದೊರೆತ ಉತ್ತಮ ಪುರಾವೆಯನ್ನು ಚಿಕಿತ್ಸೆ ನೀಡುವವರ ಅನುಭವದ ಜೊತೆ ಸೇರಿಸಿ, ರೋಗಿಯ ಇಚ್ಛೆ ಮತ್ತು ಪರಿಸ್ಥಿತಿಯನ್ನು ಗಮನಿಸಿ ತೀರ್ಮಾನಕ್ಕೆ ಬರಬೇಕು. ಅಂದರೆ ಇಪ್ಪತ್ತು ವರ್ಷ ವಾರ್ಡಿನಲ್ಲಿ ದುಡಿದ ಸಿಸ್ಟರ್ ಒಬ್ಬರ ಕಣ್ಣು ಮತ್ತು ಕೈಗಳನ್ನು ಪುರಾವೆ ತಳ್ಳಿಹಾಕುವುದಿಲ್ಲ. ಹಿರಿಯ ನರ್ಸ್‌ಗಳಿಗೆ ಇದನ್ನು ಮೊದಲ ದಿನವೇ ಹೇಳಬೇಕು, ಏಕೆಂದರೆ "ಇಷ್ಟು ದಿನ ನಾವು ಮಾಡಿದ್ದೆಲ್ಲ ತಪ್ಪಾ?" ಎಂಬ ನೋವು ಒಮ್ಮೆ ಮನಸ್ಸಿನಲ್ಲಿ ಕುಳಿತರೆ, ಮುಂದೆ ಎಷ್ಟು ಪಾಠ ಹೇಳಿದರೂ ಅದು ಒಳಗೆ ಇಳಿಯುವುದಿಲ್ಲ.

ಪ್ರಶ್ನೆ ವಾರ್ಡಿನದೇ ಆಗಿರಲಿ

ಸಾಮಾನ್ಯವಾಗಿ ನಾವು ಮಾಡುವ ತಪ್ಪು, ಮೇಲಿನಿಂದ ವಿಷಯವನ್ನು ಆರಿಸಿ, ಸಭಾಂಗಣದಲ್ಲಿ ಒಂದು ದಿನದ ಕಾರ್ಯಾಗಾರ ಏರ್ಪಡಿಸಿ, ಪ್ರಮಾಣಪತ್ರ ಕೊಟ್ಟು ಕಳುಹಿಸುವುದು. ಮಾರನೆಯ ದಿನ ವಾರ್ಡಿನಲ್ಲಿ ಏನೂ ಬದಲಾಗಿರುವುದಿಲ್ಲ. ಅದರ ಬದಲು ನೂರು ಪುಟದ ಒಂದು ನೋಟ್‌ಬುಕ್ಕನ್ನು ನರ್ಸಿಂಗ್ ಸ್ಟೇಷನ್ನಿನ ಮೇಜಿನ ಮೇಲಿಟ್ಟು, ಎರಡು ವಾರಗಳ ಕಾಲ, "ಇದನ್ನು ಹೀಗೇ ಏಕೆ ಮಾಡುತ್ತೇವೆ?" ಎಂದು ಅನ್ನಿಸಿದ್ದನ್ನೆಲ್ಲ ಅದರಲ್ಲಿ ಬರೆಯಲು ಹೇಳಿ. ಹೆಸರು ಹಾಕುವ ಅಗತ್ಯವಿಲ್ಲ, ಭಾಷೆ ಕನ್ನಡವಿರಲಿ, ಬೆರಕೆಯಿರಲಿ, ಚಿಂತೆಯಿಲ್ಲ. ಮೂತ್ರದ ಕ್ಯಾಥಿಟರನ್ನು ವಾರಕ್ಕೊಮ್ಮೆ ಬದಲಿಸಲೇಬೇಕೆ, ಆಪರೇಷನ್ನಿಗೆ ಮುಂಚೆ ರೇಜರಿನಿಂದ ಕೂದಲು ತೆಗೆಯಲೇಬೇಕೆ, ಬೆಡ್‌ಸೋರ್ (ಮಲಗಿದಲ್ಲೇ ಒತ್ತಡದಿಂದಾಗುವ ಹುಣ್ಣು) ಆಗುವ ಮುನ್ನ ಕೆಂಪಾದ ಜಾಗವನ್ನು ತಿಕ್ಕಬಹುದೆ ಎಂಬಂಥ ಪ್ರಶ್ನೆಗಳು ಬರುತ್ತವೆ. ಮೊದಲ ನಾಲ್ಕೈದು ದಿನ ಪುಟ ಖಾಲಿಯೇ ಇದ್ದರೂ ನಿರಾಶರಾಗಬೇಡಿ. ಪ್ರಶ್ನೆ ಕೇಳಿದರೆ ಬೈಗುಳ ಸಿಗುವುದಿಲ್ಲ ಎಂಬ ನಂಬಿಕೆ ಮೂಡಲು ಅಷ್ಟು ದಿನ ಬೇಕು. ಇನ್‌ಚಾರ್ಜ್ ಆದವರು ತಮ್ಮದೊಂದು ಪ್ರಶ್ನೆಯನ್ನು ಮೊದಲು ಬರೆದರೆ ಉಳಿದವರಿಗೆ ಧೈರ್ಯ ಬರುತ್ತದೆ.

ಬಂದ ಪ್ರಶ್ನೆಗಳಲ್ಲಿ ಒಂದನ್ನೇ ಆರಿಸಿಕೊಳ್ಳಿ. ಆ ಕೆಲಸ ವಾರ್ಡಿನಲ್ಲಿ ದಿನವೂ ನಡೆಯುವಂಥದ್ದಾಗಿರಬೇಕು, ಹೆಚ್ಚಿನ ಮಟ್ಟಿಗೆ ನರ್ಸ್‌ಗಳ ಕೈಯಲ್ಲೇ ಇರಬೇಕು, ಮತ್ತು ಕಣ್ಣಿನಿಂದ ನೋಡಿ ಎಣಿಸುವಂತಿರಬೇಕು. ಇವುಗಳಿಗಿಂತಲೂ ನಾನು ಒತ್ತಿ ಹೇಳುವ ಮಾತೊಂದಿದೆ: ಮೊದಲ ಬದಲಾವಣೆ ನರ್ಸ್‌ಗಳ ಕೆಲಸವನ್ನು ಸ್ವಲ್ಪವಾದರೂ ಹಗುರ ಮಾಡುವಂಥದ್ದಾಗಿರಲಿ. ರಾತ್ರಿ ಪಾಳಿಯಲ್ಲಿ ಒಬ್ಬರೋ ಇಬ್ಬರೋ ತುಂಬಿದ ವಾರ್ಡನ್ನು ನೋಡಿಕೊಳ್ಳುವಾಗ, ಇನ್ನೊಂದು ನಮೂನೆ, ಇನ್ನೊಂದು ರಿಜಿಸ್ಟರು ಎಂದು ಹೊರೆ ಹೇರಿದರೆ ಪುರಾವೆ ಎಂಬ ಪದವೇ ಬೇಸರ ತರಿಸುತ್ತದೆ. ಪುರಾವೆಯಿಂದ ಅನವಶ್ಯಕವಾದ ಒಂದು ಕೆಲಸ ಕಡಿಮೆಯಾಯಿತು ಎಂಬ ಅನುಭವ ಒಮ್ಮೆ ಆದರೆ, ಎರಡನೆಯ ಸಲ ಕೆಲಸ ಸ್ವಲ್ಪ ಹೆಚ್ಚಾದರೂ ಅವರು ಕೈಜೋಡಿಸುತ್ತಾರೆ. ಕ್ಯಾನುಲಾದ ಪ್ರಶ್ನೆಯನ್ನು ನಾನು ಆರಂಭಕ್ಕೆ ಸೂಚಿಸುವುದು ಇದೇ ಕಾರಣಕ್ಕೆ.

ಆರಿಸಿದ ಪ್ರಶ್ನೆಯನ್ನು ಹುಡುಕಲು ಅನುಕೂಲವಾಗುವಂತೆ ನಾಲ್ಕು ಭಾಗ ಮಾಡಿ ಬರೆದುಕೊಳ್ಳಬೇಕು: ಯಾರಿಗೆ, ಏನು ಮಾಡುವುದು, ಯಾವುದರ ಬದಲಿಗೆ, ಯಾವ ಫಲ ನೋಡುವುದಕ್ಕೆ. ನಮ್ಮ ಪ್ರಶ್ನೆ ಆಗ ಈ ರೂಪ ತಳೆಯುತ್ತದೆ: ವಾರ್ಡಿನಲ್ಲಿರುವ ವಯಸ್ಕ ರೋಗಿಗಳಿಗೆ, ಕೈಯ ಕ್ಯಾನುಲಾವನ್ನು ತೊಂದರೆಯ ಲಕ್ಷಣ ಕಂಡಾಗ ಮಾತ್ರ ಬದಲಿಸುವುದರಿಂದ, ಮೂರು ದಿನಕ್ಕೊಮ್ಮೆ ತಪ್ಪದೆ ಬದಲಿಸುವುದಕ್ಕೆ ಹೋಲಿಸಿದರೆ, ನರದ ಊತ ಅಥವಾ ರಕ್ತದ ಸೋಂಕು ಹೆಚ್ಚುತ್ತದೆಯೆ?

ಹುಡುಕುವುದು, ತೂಗುವುದು

ಪ್ರತಿಯೊಬ್ಬ ನರ್ಸ್ ಸಂಶೋಧನಾ ಲೇಖನಗಳನ್ನು ಹುಡುಕಿ ಓದಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ. ನಮ್ಮಲ್ಲಿ ಅನೇಕರು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು. ಇಂಗ್ಲಿಷಿನ ಸಂಖ್ಯಾಶಾಸ್ತ್ರದ ಭಾಷೆ ಅವರನ್ನು ಹಿಂಜರಿಯುವಂತೆ ಮಾಡುತ್ತದೆಯೇ ಹೊರತು ಅವರ ತಿಳಿವಳಿಕೆಯಲ್ಲಿ ಕೊರತೆಯಿಲ್ಲ. ಈ ಕೆಲಸವನ್ನು ಹಂಚಿಕೊಳ್ಳಲು ಮೈಸೂರು, ಮಂಡ್ಯ ಎಂಬ ನಮ್ಮ ಎರಡು ಜಿಲ್ಲೆಗಳಲ್ಲಿ ಒಳ್ಳೆಯ ಅನುಕೂಲವಿದೆ. ಮೈಸೂರಿನ ಕೆ.ಆರ್. ಆಸ್ಪತ್ರೆ ಮತ್ತು ಚೆಲುವಾಂಬ ಆಸ್ಪತ್ರೆ, ಜೆಎಸ್‌ಎಸ್ ಆಸ್ಪತ್ರೆ, ಮಂಡ್ಯದ ಮಿಮ್ಸ್, ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದ ಆದಿಚುಂಚನಗಿರಿ ಆಸ್ಪತ್ರೆ ಇವೆಲ್ಲವೂ ಕಾಲೇಜಿನೊಂದಿಗೆ ಬೆಸೆದುಕೊಂಡ ಬೋಧನಾ ಆಸ್ಪತ್ರೆಗಳು. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳಿಗೆ ಅದರ ಹೆಲಿನೆಟ್ ಡಿಜಿಟಲ್ ಗ್ರಂಥಾಲಯವಿದೆ. ಎಂ.ಎಸ್ಸಿ. ನರ್ಸಿಂಗ್ ವಿದ್ಯಾರ್ಥಿಯೊಬ್ಬರು ಮತ್ತು ಬೋಧಕರೊಬ್ಬರು ಹುಡುಕುವ ಹೊಣೆ ಹೊತ್ತು, ವಾರ್ಡಿನ ಇಬ್ಬರು ಸಿಸ್ಟರ್‌ಗಳು ಅವರ ಜೊತೆ ಕುಳಿತು ಚರ್ಚಿಸಿದರೆ ಸಾಕು. ಕಾಲೇಜಿಲ್ಲದ ತಾಲ್ಲೂಕು ಆಸ್ಪತ್ರೆಗಳಲ್ಲಿ ಮೊಬೈಲಿನಲ್ಲೇ ಬಹಳಷ್ಟು ಆಗುತ್ತದೆ: ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಗಳು, ವೈದ್ಯಕೀಯ ಲೇಖನಗಳ ಜಾಲತಾಣವಾದ ಪಬ್‌ಮೆಡ್‌ನ ಸಾರಾಂಶಗಳು, 1993ರಲ್ಲಿ ಆರಂಭವಾದ, ಅನೇಕ ಅಧ್ಯಯನಗಳನ್ನು ಒಟ್ಟಿಗೆ ತೂಗುವ ಕಾಕ್ರೇನ್ ಸಂಸ್ಥೆಯ ಸರಳ ಭಾಷೆಯ ಸಾರಾಂಶಗಳು ಉಚಿತವಾಗಿಯೇ ಸಿಗುತ್ತವೆ.

ಹುಡುಕುವಾಗ ಮೇಲಿನಿಂದ ಕೆಳಕ್ಕೆ ಬನ್ನಿ. ಮೊದಲು ಮಾರ್ಗಸೂಚಿ, ಅದು ಇಲ್ಲವಾದರೆ ಅಥವಾ ಹಳತಾಗಿದ್ದರೆ ಅನೇಕ ಅಧ್ಯಯನಗಳನ್ನು ಒಟ್ಟಿಗೆ ತೂಗಿದ ಕ್ರಮಬದ್ಧ ವಿಮರ್ಶೆ, ಆಮೇಲೆ ಬಿಡಿ ಅಧ್ಯಯನ. ಮೊದಲು ಸಿಕ್ಕಿದ ಒಂದೇ ಲೇಖನವನ್ನು ಹಿಡಿದು ವಾರ್ಡಿನ ಕ್ರಮವನ್ನು ಬದಲಿಸುವುದು ಅಪಾಯಕಾರಿ ಎಂಬುದಕ್ಕೆ ನಮ್ಮ ಕ್ಯಾನುಲಾದ ಪ್ರಶ್ನೆಯೇ ಒಳ್ಳೆಯ ಪಾಠ.

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ 3 ಆಸ್ಪತ್ರೆಗಳಲ್ಲಿ 3283 ವಯಸ್ಕ ರೋಗಿಗಳ ಮೇಲೆ ನಡೆದ ಅಧ್ಯಯನವೊಂದು 2012ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಮೂರು ದಿನಕ್ಕೊಮ್ಮೆ ಬದಲಿಸಿದವರಲ್ಲೂ, ಲಕ್ಷಣ ಕಂಡಾಗ ಮಾತ್ರ ಬದಲಿಸಿದವರಲ್ಲೂ ನರದ ಊತ ಶೇ. 7ರಷ್ಟೇ ಇತ್ತು. ಕಾಕ್ರೇನ್ ವಿಮರ್ಶೆಯೂ ಇದೇ ದಿಕ್ಕಿನ ತೀರ್ಮಾನಕ್ಕೆ ಬಂದಿತು. ಇಷ್ಟನ್ನೇ ಓದಿದವರು ಮೂರು ದಿನದ ನಿಯಮವನ್ನು ಅಂದೇ ಅಳಿಸಿಹಾಕುತ್ತಿದ್ದರು. ಆದರೆ 2021ರಲ್ಲಿ ಜಿನೀವಾ ವಿಶ್ವವಿದ್ಯಾಲಯದ ಆಸ್ಪತ್ರೆಗಳಿಂದ, 4 ಲಕ್ಷಕ್ಕೂ ಹೆಚ್ಚು ಕ್ಯಾನುಲಾಗಳ ದಾಖಲೆಯನ್ನು ಆಧರಿಸಿದ ವರದಿ ಬಂದಿತು: ಅವಧಿಯ ನಿಯಮವನ್ನು ಕೈಬಿಟ್ಟ ಕಾಲದಲ್ಲಿ ಅಲ್ಲಿ ಕ್ಯಾನುಲಾಕ್ಕೆ ಸಂಬಂಧಿಸಿದ ರಕ್ತದ ಸೋಂಕು ಏರಿತು, ಹಳೆಯ ನಿಯಮಕ್ಕೆ ಮರಳಿದಾಗ ಇಳಿಯಿತು. ಈ ವರದಿ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ನಡೆಸಿದ ಅಧ್ಯಯನವಲ್ಲ, ಆದ್ದರಿಂದ ಅದರ ತೂಕ ಬೇರೆ. ಆದರೆ ರಕ್ತದ ಸೋಂಕು ಅಪರೂಪದ ಘಟನೆಯಾದ ಕಾರಣ, ಮೂರು ಸಾವಿರ ಜನರ ಅಧ್ಯಯನದಲ್ಲಿ ಕಾಣದ ವ್ಯತ್ಯಾಸ ನಾಲ್ಕು ಲಕ್ಷದಲ್ಲಿ ಕಾಣಬಹುದು ಎಂಬುದನ್ನೂ ಮರೆಯುವಂತಿಲ್ಲ.

ನರ್ಸ್‌ಗಳೊಂದಿಗೆ ಈ ಎರಡನ್ನೂ ಪಕ್ಕಪಕ್ಕ ಇಟ್ಟು ಮಾತನಾಡಿ, ಒಂದನ್ನು ಬಚ್ಚಿಡಬೇಡಿ. ನನ್ನ ಅನುಭವದಲ್ಲಿ ಹಿರಿಯ ಸಿಸ್ಟರ್‌ಗಳು ಈ ಹಂತದಲ್ಲೇ ಮನಸ್ಸು ತೆರೆಯುತ್ತಾರೆ, ಏಕೆಂದರೆ ಅವರ ಅನುಭವದ ಮಾತಿಗೆ ಇಲ್ಲಿ ಜಾಗವಿದೆ. "ನೋಡದೇ ಬಿಟ್ಟರೆ ಐದು ದಿನವಲ್ಲ, ಒಂದೇ ದಿನಕ್ಕೆ ಕೈ ಬಾತುಕೊಳ್ಳುತ್ತೆ" ಎಂದು ಒಬ್ಬರು ಹೇಳಿದ್ದು ಎರಡೂ ಅಧ್ಯಯನಗಳ ತಿರುಳನ್ನು ಮುಟ್ಟಿತ್ತು. ಲಕ್ಷಣ ನೋಡಿ ಬದಲಿಸುವ ಕ್ರಮ ಸುರಕ್ಷಿತವಾಗುವುದು ಲಕ್ಷಣವನ್ನು ನಿಜವಾಗಿ ನೋಡುವ ವಾರ್ಡಿನಲ್ಲಿ ಮಾತ್ರ. ಆದ್ದರಿಂದ ನಾನು ಸೂಚಿಸುವ ಕ್ರಮ ಎಚ್ಚರಿಕೆಯದು. ಪ್ರತಿ ಪಾಳಿಯಲ್ಲೂ ಕ್ಯಾನುಲಾದ ಜಾಗವನ್ನು ನೋಡಿ ಬರೆಯುವುದು ಗಟ್ಟಿಯಾಗುವವರೆಗೆ ಹಳೆಯ ಅವಧಿಯ ನಿಯಮವನ್ನು ಕೈಬಿಡಬಾರದು. ಅದು ಗಟ್ಟಿಯಾದ ಮೇಲೆ, ಅವಧಿಯನ್ನು ಸಡಿಲಿಸಬೇಕೆ, ಎಷ್ಟು ದಿನಕ್ಕೆ ಎಂಬುದನ್ನು ಆಸ್ಪತ್ರೆಯ ಸೋಂಕು ನಿಯಂತ್ರಣ ಸಮಿತಿಯೇ ತೀರ್ಮಾನಿಸಲಿ. ಔಷಧಿ ನಿಂತರೂ ಕೈಯಲ್ಲಿ ಉಳಿದಿರುವ ಕ್ಯಾನುಲಾವನ್ನಂತೂ ಮೊದಲ ದಿನದಿಂದಲೇ ತೆಗೆಯಿಸಬಹುದು, ಅದಕ್ಕೆ ಯಾವ ಪುರಾವೆಯ ವಿರೋಧವೂ ಇಲ್ಲ. ಬೆಂಗಳೂರು–ಮೈಸೂರು ಹೆದ್ದಾರಿಯ ಅಪಘಾತದಿಂದ 108 ವಾಹನದಲ್ಲಿ ಬಂದವರಿಗೆ ದಾರಿಯಲ್ಲೇ ಅವಸರದಿಂದ ಹಾಕಿದ ಕ್ಯಾನುಲಾವನ್ನು ಬೇರೆಯಾಗಿಯೇ ಪರಿಗಣಿಸಬೇಕು. ಶುಚಿತ್ವದ ಕ್ರಮ ಪಾಲಿಸಲಾಗಿದೆ ಎಂಬ ಖಾತ್ರಿ ಇಲ್ಲದಿದ್ದರೆ ಆದಷ್ಟು ಬೇಗ, 48 ಗಂಟೆಯೊಳಗೆ ಬದಲಿಸಬೇಕೆಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರದ 2011ರ ಮಾರ್ಗಸೂಚಿ ಹೇಳುತ್ತದೆ.

ಇಷ್ಟೆಲ್ಲವನ್ನು ಒಂದೇ ಪುಟದಲ್ಲಿ, ಕನ್ನಡದಲ್ಲಿ, ವಾರ್ಡಿನವರು ಆಡುವ ಪದಗಳಲ್ಲಿ ಬರೆಯಿರಿ. ಕ್ಯಾನುಲಾ, ಡ್ರಿಪ್ಸ್, ಡ್ರೆಸಿಂಗ್ ಎಂಬ ಪದಗಳಿಗೆ ನಿಘಂಟಿನ ಪದ ಹುಡುಕುವ ಅಗತ್ಯವಿಲ್ಲ. ಬರೆದ ಪುಟವನ್ನು ರಾತ್ರಿ ಪಾಳಿಯ ಸಿಸ್ಟರ್ ಒಬ್ಬರಿಂದ ಓದಿಸಿ, ಎಲ್ಲಿ ತಡವರಿಸುತ್ತಾರೋ ಆ ವಾಕ್ಯವನ್ನು ತಿದ್ದಿ.

"ಅದೆಲ್ಲ ಹೊರದೇಶದ ಮಾತು" ಎನ್ನುವವರಿಗೆ

ಈ ಆಕ್ಷೇಪಣೆ ಬಂದೇ ಬರುತ್ತದೆ, ಅದರಲ್ಲಿ ಸತ್ಯಾಂಶವೂ ಇದೆ. ಆಸ್ಟ್ರೇಲಿಯಾದ ವಾರ್ಡಿನಲ್ಲಿ ಒಬ್ಬ ನರ್ಸ್ ನೋಡಿಕೊಳ್ಳುವ ರೋಗಿಗಳ ಸಂಖ್ಯೆಯೇ ಬೇರೆ. ಆದರೆ ಪುರಾವೆ ಎಂದರೆ ಬೇರೆಯವರು ಹುಟ್ಟಿಸಿ ನಮಗೆ ಕಳುಹಿಸುವ ವಸ್ತು ಎಂಬ ಭಾವನೆಯನ್ನು ಹೋಗಲಾಡಿಸಲು ನಾನು ಯಾವಾಗಲೂ ಬೆಳಗಾವಿಯ ಉದಾಹರಣೆಯನ್ನು ಹೇಳುತ್ತೇನೆ. 2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 25 ಮಂದಿ ಎಎನ್‌ಎಂಗಳು (ಹಳ್ಳಿಗಳ ಆರೋಗ್ಯ ಸಹಾಯಕಿಯರು) 1620 ಹೆರಿಗೆಗಳನ್ನು ಮಾಡಿಸಿ, ಹೆರಿಗೆಯ ನಂತರದ ರಕ್ತಸ್ರಾವ ತಡೆಯಲು ಮಿಸೊಪ್ರೊಸ್ಟಾಲ್ ಮಾತ್ರೆಯನ್ನು ಪರೀಕ್ಷಿಸಿದರು. ಮಾತ್ರೆ ಕೊಟ್ಟವರೂ ಅವರೇ, ರಕ್ತವನ್ನು ಅಳೆದವರೂ ಅವರೇ. ಅರ್ಧ ಲೀಟರ್ ಅಥವಾ ಅದಕ್ಕಿಂತ ಹೆಚ್ಚಿನ ರಕ್ತಸ್ರಾವ ಶೇ. 12ರಿಂದ ಶೇ. 6.4ಕ್ಕೆ ಇಳಿಯಿತು. 2006ರಲ್ಲಿ ಇದು ಲ್ಯಾನ್ಸೆಟ್‌ನಲ್ಲಿ ಪ್ರಕಟವಾಗಿ ಜಗತ್ತಿನ ಗಮನ ಸೆಳೆಯಿತು.

ರಕ್ತ ಅಳೆಯಲು ಅವರು ಬಳಸಿದ್ದು ಅಳತೆಯ ಗೆರೆಗಳಿರುವ ಪ್ಲಾಸ್ಟಿಕ್ ಹಾಳೆಯ ಚೀಲ. ಕಣ್ಣಂದಾಜಿನಿಂದ ಹೇಳಿದ ಪ್ರಮಾಣ ಚೀಲದ ಅಳತೆಗಿಂತ ಸುಮಾರು ಮೂರನೆಯ ಒಂದು ಪಾಲು ಕಡಿಮೆ ಇರುತ್ತದೆ ಎಂಬುದೂ ಅಂಥ ಅಧ್ಯಯನದಿಂದಲೇ ತಿಳಿದದ್ದು. 2023ರಲ್ಲಿ ಆಫ್ರಿಕಾದ 4 ದೇಶಗಳ ಆಸ್ಪತ್ರೆಗಳಲ್ಲಿ ಇಂಥದೇ ಅಳತೆಯ ಚೀಲವನ್ನು, ರಕ್ತಸ್ರಾವ ಕಂಡೊಡನೆ ಎಲ್ಲ ಚಿಕಿತ್ಸೆಯನ್ನೂ ಒಟ್ಟಿಗೆ ಕೊಡುವ ಕ್ರಮದೊಂದಿಗೆ ಬಳಸಿದಾಗ, ತೀವ್ರ ರಕ್ತಸ್ರಾವ, ಅದಕ್ಕಾಗಿ ಮಾಡುವ ಹೊಟ್ಟೆಯ ಶಸ್ತ್ರಚಿಕಿತ್ಸೆ ಅಥವಾ ಸಾವು ಸಂಭವಿಸುವುದು ಶೇ. 60ರಷ್ಟು ಕಡಿಮೆಯಾಯಿತು. ನಮ್ಮ ರಾಜ್ಯದ ಎಎನ್‌ಎಂಗಳು ಕೈಯಾರೆ ಅಳೆದು ತೋರಿಸಿದ ಮಾತು ಅಷ್ಟು ದೂರ ಬೆಳೆದಿದೆ ಎಂದು ಹೆರಿಗೆ ವಾರ್ಡಿನ ಸಿಸ್ಟರ್‌ಗಳಿಗೆ ಹೇಳಿದಾಗ ಅವರ ಮುಖದಲ್ಲಿ ಕಾಣುವ ಹೆಮ್ಮೆಯನ್ನು ನಾನು ನೋಡಿದ್ದೇನೆ.

ಸಾಮಾನು ಮತ್ತು ಸಮ್ಮತಿ

ಯಾವುದೇ ಬದಲಾವಣೆಯನ್ನು ಘೋಷಿಸುವ ಮುನ್ನ ಮೂವರ ಬಳಿ ಹೋಗಿ ಕುಳಿತು ಮಾತನಾಡಬೇಕು: ಘಟಕದ ಮುಖ್ಯ ವೈದ್ಯರು, ನರ್ಸಿಂಗ್ ಸೂಪರಿಂಟೆಂಡೆಂಟರು ಮತ್ತು ಸ್ಟೋರಿನ ಫಾರ್ಮಸಿಸ್ಟ್. ಮೂರನೆಯವರನ್ನು ಹೆಚ್ಚಿನವರು ಮರೆಯುತ್ತಾರೆ. ಹಿಂದೊಮ್ಮೆ ನಾವು ತುಂಬ ಶ್ರಮಪಟ್ಟು ಕೈ ಶುಚಿತ್ವದ ಅಭ್ಯಾಸವನ್ನು ವಾರ್ಡಿನಲ್ಲಿ ತಂದಿದ್ದೆವು. ಹ್ಯಾಂಡ್‌ರಬ್ (ನೀರಿಲ್ಲದೆ ಕೈ ಉಜ್ಜಿಕೊಳ್ಳುವ ದ್ರವ) ಮುಗಿದು, ಇಂಡೆಂಟ್ ಹಾಕಿ ಕೇಳಿದ ಸಾಮಾನು ಬರುವುದು ತಡವಾದ ಕೆಲವೇ ವಾರಗಳಲ್ಲಿ ಅಷ್ಟೂ ಅಭ್ಯಾಸ ಕರಗಿಹೋಯಿತು. ತಪ್ಪು ಸಿಸ್ಟರ್‌ಗಳದಾಗಿರಲಿಲ್ಲ, ಎಷ್ಟು ಖರ್ಚಾಗಬಹುದೆಂದು ಮುಂಚೆ ಲೆಕ್ಕ ಹಾಕಿ ತಿಳಿಸದಿದ್ದ ನನ್ನದಾಗಿತ್ತು. ಹ್ಯಾಂಡ್‌ರಬ್ಬನ್ನು ಆಸ್ಪತ್ರೆಯ ಫಾರ್ಮಸಿಯಲ್ಲೇ ತಯಾರಿಸಲು ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರವಿದೆ: ಶೇ. 80 ಎಥನಾಲ್, ಶೇ. 1.45 ಗ್ಲಿಸರಾಲ್, ಶೇ. 0.125 ಹೈಡ್ರೋಜನ್ ಪೆರಾಕ್ಸೈಡ್. ಫಾರ್ಮಸಿಸ್ಟ್ ಮೊದಲೇ ಜೊತೆಗಿದ್ದರೆ ಇಂಥ ದಾರಿಗಳು ತೆರೆದುಕೊಳ್ಳುತ್ತವೆ. ಬಾಟಲಿ ಹಾಸಿಗೆಯ ಪಕ್ಕದಲ್ಲೇ ಇರಬೇಕು. ಹ್ಯಾಂಡ್‌ರಬ್‌ನಿಂದ 20ರಿಂದ 30 ಸೆಕೆಂಡಿನಲ್ಲಿ ಮುಗಿಯುವ ಕೆಲಸಕ್ಕೆ ವಾರ್ಡಿನ ಆ ತುದಿಯ ಸಿಂಕಿನವರೆಗೆ ನಡೆದುಹೋಗಿ ಬರಲು ಯಾರಿಗೂ ಹೊತ್ತಿರುವುದಿಲ್ಲ.

ವೈದ್ಯರ ಸಮ್ಮತಿ ಬಾಯಿ ಮಾತಿನದಾಗಿರದೆ ಬರಹದಲ್ಲಿರಲಿ. ಅಮೆರಿಕದ ಮಿಷಿಗನ್ ರಾಜ್ಯದ ಐಸಿಯುಗಳಲ್ಲಿ ದೊಡ್ಡ ರಕ್ತನಾಳಕ್ಕೆ ಹಾಕುವ ಲೈನಿನ ಸೋಂಕನ್ನು ಐದು ಸರಳ ಕ್ರಮಗಳಿಂದ ಬಹುವಾಗಿ ತಗ್ಗಿಸಿದ ವರದಿ 2006ರಲ್ಲಿ ಬಂದಿತು. ಕೈ ತೊಳೆಯುವುದು, ಚರ್ಮವನ್ನು ಕ್ಲೋರ್‌ಹೆಕ್ಸಿಡಿನ್‌ನಿಂದ ಶುಚಿ ಮಾಡುವುದು ಮೊದಲಾದ ಆ ಕ್ರಮಗಳಲ್ಲಿ ಹೊಸದೇನೂ ಇರಲಿಲ್ಲ. ಕ್ರಮ ತಪ್ಪಿದರೆ ವೈದ್ಯರನ್ನು ಅಲ್ಲೇ ತಡೆದು ನಿಲ್ಲಿಸುವ ಅಧಿಕಾರವನ್ನು ನರ್ಸ್‌ಗಳಿಗೆ ಕೊಟ್ಟಿದ್ದು ಅದರಲ್ಲಿ ಮುಖ್ಯವಾಗಿತ್ತು. ನಮ್ಮ ವಾರ್ಡುಗಳಲ್ಲಿ ಹೊಸದಾಗಿ ಸೇರಿದ ಸಿಸ್ಟರ್ ಒಬ್ಬಳು, "ಸರ್, ಇದನ್ನ ತೆಗೆಯೋ ಹೊತ್ತಾಯ್ತು" ಎಂದು ರೌಂಡ್ಸಿನಲ್ಲಿ ಹೇಳಬೇಕಾದರೆ, ಹಾಗೆ ಹೇಳುವುದು ಅವಳ ಕರ್ತವ್ಯ ಎಂದು ಘಟಕದ ಮುಖ್ಯಸ್ಥರು ಎಲ್ಲರೆದುರು ಒಮ್ಮೆಯಾದರೂ ಹೇಳಿರಬೇಕು.

ಕಲಿಸುವುದು ಹಾಸಿಗೆಯ ಪಕ್ಕದಲ್ಲಿ

ಬೆಳಗಿನ ಪಾಳಿಯವರು ಮಧ್ಯಾಹ್ನದವರಿಗೆ ಹ್ಯಾಂಡ್ ಓವರ್ ಕೊಡುವ ಹೊತ್ತಿನಲ್ಲಿ ಹತ್ತು ನಿಮಿಷ ಸಾಕು. ಮೂವರು ರೋಗಿಗಳ ಬಳಿ ಎಲ್ಲರೂ ಹೋಗಿ, ಕ್ಯಾನುಲಾದ ಜಾಗವನ್ನು ನೋಡಿ, ಮುಟ್ಟಿ, ನೋವಿದೆಯೇ ಎಂದು ರೋಗಿಯನ್ನು ಕೇಳಿ, 0ಯಿಂದ 5ರವರೆಗಿನ ಅಂಕ ಕೊಡುವುದನ್ನು ಅಭ್ಯಾಸ ಮಾಡಬೇಕು. ಏನೂ ಇಲ್ಲದಿದ್ದರೆ 0; ಸ್ವಲ್ಪ ನೋವು ಅಥವಾ ಸ್ವಲ್ಪ ಕೆಂಪು ಮಾತ್ರ ಇದ್ದರೆ 1, ಗಮನಿಸುತ್ತಿರಬೇಕು; ನೋವು, ಕೆಂಪು, ಊತ ಇವುಗಳಲ್ಲಿ ಎರಡು ಸೇರಿದರೆ 2, ಆಗ ತೆಗೆದು ಬೇರೆ ಕಡೆ ಹಾಕಬೇಕು. ಅದಕ್ಕೂ ಮೇಲಿನ ಅಂಕಗಳನ್ನು ಕಾಯುವ ಪ್ರಶ್ನೆಯೇ ಇಲ್ಲ. ಇಬ್ಬರು ಸಿಸ್ಟರ್‌ಗಳು ಒಂದೇ ಕೈಗೆ ಬೇರೆ ಬೇರೆ ಅಂಕ ಕೊಟ್ಟಾಗ ಏಕೆಂದು ಚರ್ಚಿಸಿ, ಕಲಿಕೆ ಗಟ್ಟಿಯಾಗುವುದು ಆ ಚರ್ಚೆಯಲ್ಲೇ. ಕಪ್ಪು ಚರ್ಮದಲ್ಲಿ ಕೆಂಪು ಬೇಗ ಕಾಣುವುದಿಲ್ಲವಾದ್ದರಿಂದ ಬಿಸಿ, ಗಡಸು ಮತ್ತು ನೋವನ್ನು ಕೈಯಿಂದಲೇ ತಿಳಿಯಬೇಕು ಎಂಬುದನ್ನು ಚಿತ್ರಗಳಿರುವ ಹೊರದೇಶದ ಕಾರ್ಡುಗಳು ಸರಿಯಾಗಿ ಹೇಳುವುದಿಲ್ಲ, ನೀವು ಹೇಳಿ. ಗುತ್ತಿಗೆಯ ಮೇಲಿರುವವರನ್ನು, ರಾತ್ರಿ ಪಾಳಿಯವರನ್ನು ಬಿಡಬೇಡಿ. ವಾರದಲ್ಲಿ ಒಂದು ರಾತ್ರಿ ಎಂಟು ಗಂಟೆಗೆ ನೀವೇ ವಾರ್ಡಿಗೆ ಹೋದರೆ, ಹತ್ತು ಸುತ್ತೋಲೆಗಳಿಂದ ಆಗದ್ದು ಆಗುತ್ತದೆ.

ರೋಗಿ ಮತ್ತು ಜೊತೆಗಿರುವವರನ್ನೂ ಈ ಕೆಲಸದಲ್ಲಿ ಸೇರಿಸಿಕೊಳ್ಳಬೇಕು. "ಅಣ್ಣ, ಇಲ್ಲಿ ಉರಿ ಬಂದ್ರೆ, ಬಾತ್ರೆ ತಕ್ಷಣ ನಮ್ಮನ್ನ ಕರೀರಿ" ಎಂದು ಹೇಳಿಟ್ಟರೆ ಅವರ ಕಣ್ಣು ನಮಗಿಂತ ಹೆಚ್ಚು ಹೊತ್ತು ಅಲ್ಲಿರುತ್ತದೆ. ಕ್ಯಾನುಲಾವನ್ನು ಆದಷ್ಟು ರೋಗಿ ಹೆಚ್ಚು ಬಳಸದ ಕೈಗೆ ಹಾಕಿ ಎಂಬುದು ಪುಸ್ತಕದ ಸಲಹೆ, ಆದರೆ ಅದರ ಕಾರಣ ನಮ್ಮ ಕಡೆಯವರಿಗೆ ವಿವರಿಸಬೇಕಿಲ್ಲ. ಬಲಗೈಗೆ ಹಾಕಿದರೆ ಮುದ್ದೆ ಮುರಿದು ಉಣ್ಣುವುದು ಹೇಗೆ? ಊಟಕ್ಕಾಗಿ ರೋಗಿ ಟೇಪನ್ನು ಸಡಿಲಿಸಿಕೊಂಡ, ಕ್ಯಾನುಲಾ ಜಾರಿತು ಎಂದು ಬೈಯುವುದಕ್ಕಿಂತ ಯಾವ ಕೈಯಲ್ಲಿ ಊಟ ಮಾಡುತ್ತೀರಿ ಎಂದು ಮೊದಲೇ ಕೇಳುವುದು ರೋಗಿಯ ಪರಿಸ್ಥಿತಿಯನ್ನು ಗಮನಿಸುವ ಕ್ರಮ.

ಬಾಣಂತಿಯರ ವಾರ್ಡಿನಲ್ಲಿ ಇದು ಇನ್ನೂ ಸೂಕ್ಷ್ಮ. ಆಸ್ಪತ್ರೆಯಲ್ಲಿ ಹುಟ್ಟಿದ ಮಗುವಿನ ಹೊಕ್ಕುಳಬಳ್ಳಿಗೆ, ನವಜಾತ ಮರಣ ಕಡಿಮೆ ಇರುವ ಕಡೆ, ಏನನ್ನೂ ಹಚ್ಚದೆ ಶುಚಿಯಾಗಿ, ಒಣಗಿದಂತೆ ಇಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆದರೆ ಮನೆಗೆ ಹೋದ ಮೇಲೆ ಹೊಕ್ಕುಳಿಗೆ ಏನು ಹಚ್ಚಬೇಕೆಂದು ನಿರ್ಧರಿಸುವವರು ಅಜ್ಜಿಯರು. ತಾಯಿಗೆ ಹೇಳಿ ಅಜ್ಜಿಗೆ ಹೇಳದಿದ್ದರೆ ಮಾತು ವಾರ್ಡಿನ ಬಾಗಿಲಿನಲ್ಲೇ ಉಳಿಯುತ್ತದೆ. "ಅಜ್ಜಿ, ನೀವು ಏನು ಹಚ್ತಿದ್ರಿ?" ಎಂದು ಕೇಳಿ, ಪೂರ್ತಿ ಕೇಳಿಸಿಕೊಂಡು, ಆಮೇಲೆ ಹೇಳುವ ಸಿಸ್ಟರ್ ಯಾರೋ ಅವರನ್ನೇ ಉಳಿದವರಿಗೆ ಕಲಿಸಲು ನಿಲ್ಲಿಸಿ.

ಎಣಿಕೆ

ಬದಲಾವಣೆಗೆ ಮುಂಚೆ ಎಣಿಸಿಡದಿದ್ದರೆ ಆಮೇಲೆ ಏನಾಯಿತೆಂದು ಹೇಳಲು ಸಾಧ್ಯವಿಲ್ಲ. ಆರಂಭಿಸುವುದಕ್ಕೆ ಮುಂಚಿನ ಮೂರು ವಾರ, ವಾರಕ್ಕೊಂದು ಗೊತ್ತಾದ ದಿನ ಬೆಳಿಗ್ಗೆ ಹನ್ನೊಂದಕ್ಕೆ ವಾರ್ಡಿನ ಎಲ್ಲ ಕ್ಯಾನುಲಾಗಳನ್ನೂ ನೋಡಿ: ಒಟ್ಟು ಎಷ್ಟು, ಹಾಕಿದ ದಿನಾಂಕ ಬರೆದಿರುವುದು ಎಷ್ಟು, ಔಷಧಿಯಿಲ್ಲದೆ ಸುಮ್ಮನೆ ಇರುವುದು ಎಷ್ಟು, 2 ಅಥವಾ ಅದಕ್ಕಿಂತ ಹೆಚ್ಚು ಅಂಕ ಬಂದದ್ದು ಎಷ್ಟು. ನಾಲ್ಕು ಸಂಖ್ಯೆಗಳು, ಇಪ್ಪತ್ತು ನಿಮಿಷದ ಕೆಲಸ. ಬದಲಾವಣೆ ಆರಂಭವಾದ ಮೇಲೂ ಅದೇ ದಿನ, ಅದೇ ಹೊತ್ತು, ಅದೇ ರೀತಿ ಎಣಿಸಿ, ಗ್ರಾಫ್ ಹಾಳೆಯಲ್ಲಿ ಚುಕ್ಕಿಯಿಟ್ಟು ನರ್ಸಿಂಗ್ ಸ್ಟೇಷನ್ನಿನ ಗೋಡೆಗೆ ಅಂಟಿಸಿ. ಒಂದು ವಾರ ಏರಿತು, ಇಳಿಯಿತು ಎಂದು ಹಿಗ್ಗಬೇಡಿ, ಕುಗ್ಗಬೇಡಿ. ಎರಡು ಮೂರು ತಿಂಗಳ ಚುಕ್ಕಿಗಳ ಸಾಲು ಎತ್ತ ಸಾಗುತ್ತಿದೆ ಎಂಬುದನ್ನು ನೋಡಿ. ಈ ಸಂಖ್ಯೆಗಳನ್ನು ಯಾರದೇ ಮೆಮೊಗೆ, ಶಿಕ್ಷೆಗೆ ಬಳಸಬಾರದು. ಒಮ್ಮೆ ಬಳಸಿದರೂ ಮುಂದಿನ ವಾರದಿಂದ ಸುಳ್ಳು ಸಂಖ್ಯೆಗಳೇ ಬರುತ್ತವೆ.

ಎಣಿಕೆ ಎಷ್ಟೇ ಸ್ಪಷ್ಟವಾಗಿದ್ದರೂ ಅದೊಂದೇ ಜನರನ್ನು ಒಲಿಸುವುದಿಲ್ಲ ಎಂಬುದಕ್ಕೆ ವಿಯೆನ್ನಾದ ವೈದ್ಯ ಇಗ್ನಾಜ್ ಸೆಮ್ಮೆಲ್‌ವೈಸ್ ಸಾಕ್ಷಿ. 1847ರ ಏಪ್ರಿಲ್‌ನಲ್ಲಿ ಅವರ ಹೆರಿಗೆ ವಾರ್ಡಿನಲ್ಲಿ ಶೇ. 18ರಷ್ಟಿದ್ದ ತಾಯಂದಿರ ಸಾವು, ಕ್ಲೋರಿನ್ ನೀರಿನಲ್ಲಿ ಕೈ ತೊಳೆಯುವ ನಿಯಮ ತಂದ ಮೇಲೆ ಜೂನ್ ವೇಳೆಗೆ ಶೇ. 2ರ ಆಸುಪಾಸಿಗೆ ಇಳಿಯಿತು. ಆದರೂ ಅವರ ಕಾಲದ ಬಹುತೇಕ ವೈದ್ಯರು ಅದನ್ನು ಒಪ್ಪಲಿಲ್ಲ. ತಮ್ಮ ಕೈಯೇ ಸಾವು ತಂದಿತೆಂಬ ಮಾತನ್ನು ಒಪ್ಪುವುದು ಯಾರಿಗೂ ಸುಲಭವಲ್ಲ. ಗ್ರಾಫನ್ನು ತೋರಿಸುವಾಗ ಈ ನೋವಿನ ಅರಿವು ನಮಗಿರಬೇಕು.

ಬಿಡಿಸುವುದು ಹೆಚ್ಚು ಕಷ್ಟ

ಹೊಸದನ್ನು ಸೇರಿಸುವುದಕ್ಕಿಂತ ಹಳೆಯದನ್ನು ಬಿಡಿಸುವುದು ಕಷ್ಟ ಎಂಬುದು ಎರಡನೆಯ, ಮೂರನೆಯ ಪ್ರಶ್ನೆಗೆ ಹೋದಾಗ ಅರಿವಾಗುತ್ತದೆ. ಶಸ್ತ್ರಚಿಕಿತ್ಸೆಗೆ ಮುಂಚೆ ರೇಜರಿನಿಂದ ಕೂದಲು ತೆಗೆಯುವುದು ಶುಚಿತ್ವದ ಕೆಲಸವೆಂದೇ ನಮಗೆ ಕಲಿಸಿದ್ದರು. ರೇಜರಿನಿಂದಾಗುವ ಕಣ್ಣಿಗೆ ಕಾಣದ ಗೀರುಗಳಲ್ಲಿ ರೋಗಾಣುಗಳು ಬೆಳೆಯುವ ಕಾರಣ, ಕೂದಲು ತೆಗೆಯಬೇಡಿ, ತೆಗೆಯಲೇಬೇಕಾದರೆ ಕ್ಲಿಪ್ಪರ್ ಬಳಸಿ ಎಂದು 2016ರ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಸ್ಪಷ್ಟವಾಗಿ ಹೇಳುತ್ತದೆ. ಮೂಗಿನ ಮೂಲಕ ಹೊಟ್ಟೆಗೆ ಹಾಕಿದ ಟ್ಯೂಬಿನಲ್ಲಿ ಗಾಳಿ ತಳ್ಳಿ ಸ್ಟೆತಾಸ್ಕೋಪಿನಿಂದ ಸದ್ದು ಕೇಳುವ ಪರೀಕ್ಷೆಯನ್ನು ನಂಬುವಂತಿಲ್ಲ, ಏಕೆಂದರೆ ಟ್ಯೂಬು ಶ್ವಾಸಕೋಶಕ್ಕೆ ಹೋಗಿದ್ದರೂ ಸದ್ದು ಕೇಳಿಸಬಹುದು. ಎಳೆದ ದ್ರವದ ಪಿಎಚ್ ಪಟ್ಟಿಯಲ್ಲಿ 5.5 ಅಥವಾ ಅದಕ್ಕಿಂತ ಕಡಿಮೆ ಬರಬೇಕು, ಅನುಮಾನವಿದ್ದರೆ ಎಕ್ಸ್‌ರೇ ಆಗಬೇಕು. ಕೆಂಪಾದ ಮೂಳೆಯ ಉಬ್ಬನ್ನು ತಿಕ್ಕುವುದು, ಅದರಡಿ ಗಾಳಿ ತುಂಬಿದ ಉಂಗುರವಿಡುವುದು ಬೆಡ್‌ಸೋರ್ ತಡೆಯುವ ಬದಲು ಅಲ್ಲಿನ ಅಂಗಾಂಶಕ್ಕೆ ಹಾನಿ ಮಾಡಬಹುದು.

ಇವುಗಳಲ್ಲಿ ನನ್ನನ್ನು ಹೆಚ್ಚು ಕಾಡುವುದು ಮಧ್ಯರಾತ್ರಿಯಿಂದ ನೀರೂ ಬೇಡ ಎನ್ನುವ ರೂಢಿ. ಮಧ್ಯಾಹ್ನ ಎರಡಕ್ಕೆ ಆಪರೇಷನ್ ಇರುವ ಸಕ್ಕರೆ ಕಾಯಿಲೆಯ ಅಜ್ಜಿಯೊಬ್ಬರು ಮಂಡ್ಯದ ಏಪ್ರಿಲ್ ಬಿಸಿಲಿನಲ್ಲಿ ಹದಿನಾಲ್ಕು ಗಂಟೆ ನಾಲಿಗೆ ಒಣಗಿಸಿಕೊಂಡು ಮಲಗಿರುತ್ತಾರೆ. ಅಮೆರಿಕದ ಅರಿವಳಿಕೆ ತಜ್ಞರ ಸಂಘ 1999ರಲ್ಲೇ ಹೇಳಿದಂತೆ, ತೊಂದರೆಯಿಲ್ಲದ ರೋಗಿಗಳು ಯೋಜಿತ ಶಸ್ತ್ರಚಿಕಿತ್ಸೆಗೆ 2 ಗಂಟೆ ಮುಂಚಿನವರೆಗೆ ನೀರು, ಹಾಲಿಲ್ಲದ ಟೀ ಮೊದಲಾದ ತಿಳಿ ದ್ರವಗಳನ್ನೂ, 6 ಗಂಟೆ ಮುಂಚಿನವರೆಗೆ ಹಗುರ ಆಹಾರವನ್ನೂ ಸೇವಿಸಬಹುದು. ಹಾಲು ಬೆರೆತ ಕಾಫಿ ತಿಳಿ ದ್ರವವಲ್ಲ ಎಂಬುದನ್ನು ಮೈಸೂರಿನಲ್ಲಿ ವಿಶೇಷವಾಗಿ ಹೇಳಬೇಕಾಗುತ್ತದೆ. ಸಕ್ಕರೆ ಕಾಯಿಲೆಯಿಂದ ಜೀರ್ಣ ನಿಧಾನವಾಗಿರುವವರಿಗೆ, ತುರ್ತು ಶಸ್ತ್ರಚಿಕಿತ್ಸೆಯವರಿಗೆ ಈ ಲೆಕ್ಕ ಬೇರೆಯಾದ್ದರಿಂದ, ಪ್ರತಿ ರೋಗಿಯ ವಿಷಯದಲ್ಲೂ ತೀರ್ಮಾನ ಅರಿವಳಿಕೆ ತಜ್ಞರದು. ಸಂಜೆಯೇ ಪಟ್ಟಿ ಹಿಡಿದು ಅವರನ್ನು ಕೇಳಿ, ಪ್ರತಿ ರೋಗಿಯ ಹೆಸರಿನ ಮುಂದೆ "ನೀರು ಎಷ್ಟು ಗಂಟೆಯವರೆಗೆ" ಎಂದು ಬರೆಯಿಸಿಕೊಳ್ಳುವುದು ಮಾತ್ರ ಸಂಪೂರ್ಣವಾಗಿ ನರ್ಸ್ ಮಾಡಬಹುದಾದ ಕೆಲಸ, ಮತ್ತು ಅದನ್ನು ನಾಳೆಯೇ ಆರಂಭಿಸಬಹುದು.

ವರ್ಗಾವಣೆಯ ನಂತರವೂ ಉಳಿಯಬೇಕಾದರೆ

ಉತ್ಸಾಹಿ ಇನ್‌ಚಾರ್ಜ್ ಒಬ್ಬರು ವರ್ಗವಾಗಿ ಹೋದೊಡನೆ ಎಲ್ಲವೂ ಹಳೆಯ ಜಾಡಿಗೆ ಬೀಳುವುದನ್ನು ನಾವೆಲ್ಲ ಕಂಡಿದ್ದೇವೆ. ಆದ್ದರಿಂದ ಮೂರು ತಿಂಗಳು ಸರಿಯಾಗಿ ನಡೆದ ಕ್ರಮವನ್ನು ವಾರ್ಡಿನ ಕಾರ್ಯವಿಧಾನದ ಕಡತಕ್ಕೆ ಸೇರಿಸಿ, ಸೂಪರಿಂಟೆಂಡೆಂಟರ ಸಹಿ ಹಾಕಿಸಿ, ಹೊಸಬರು ಸೇರಿದ ಮೊದಲ ವಾರದ ತರಬೇತಿಯಲ್ಲಿ ಅದನ್ನು ಕಡ್ಡಾಯ ಮಾಡಿಸಿ. ಸರ್ಕಾರಿ ಆಸ್ಪತ್ರೆಗಳಲ್ಲಿ ರಾಷ್ಟ್ರೀಯ ಗುಣಮಟ್ಟ ಭರವಸೆಯ ಮಾನದಂಡಗಳ ಮೌಲ್ಯಮಾಪನಕ್ಕೆ, ಹೆರಿಗೆ ವಾರ್ಡಾದರೆ ಲಕ್ಷ್ಯ ಕಾರ್ಯಕ್ರಮಕ್ಕೆ ಇದೇ ದಾಖಲೆಗಳು ಉಪಯೋಗಕ್ಕೆ ಬರುತ್ತವೆ, ಬೇರೆ ಕಡತ ಸೃಷ್ಟಿಸಬೇಕಿಲ್ಲ. ಕೆಲಸದ ಆರಂಭದಲ್ಲಿ ಪ್ರಶ್ನೆ ಕೇಳಿದವರು ಯಾರೋ ಅವರ ಹೆಸರನ್ನು, ಅವರು ಒಪ್ಪಿದರೆ, ಆ ಪುಟದ ಮೇಲೆಯೇ ಬರೆಯಿರಿ. ಗುತ್ತಿಗೆಯ ಸಿಸ್ಟರ್ ಆಗಿದ್ದರೂ ಸರಿ, ಮೊದಲ ವರ್ಷದ ವಿದ್ಯಾರ್ಥಿನಿಯಾಗಿದ್ದರೂ ಸರಿ.

ಪುಟದ ಕೆಳತುದಿಯಲ್ಲಿ ಎರಡು ದಿನಾಂಕಗಳಿರಲಿ: ಪುರಾವೆಯನ್ನು ಹುಡುಕಿದ ದಿನ, ಮತ್ತೆ ಹುಡುಕಬೇಕಾದ ದಿನ. ಎರಡರ ನಡುವೆ ಒಂದು ವರ್ಷಕ್ಕಿಂತ ಹೆಚ್ಚು ಅಂತರ ಬೇಡ. 2012ರ ಅಧ್ಯಯನವನ್ನು ಓದಿ ಅಲ್ಲಿಗೇ ನಿಂತಿದ್ದ ವಾರ್ಡಿಗೆ 2021ರ ವರದಿ ತಲುಪುವುದು ಆ ಎರಡನೆಯ ದಿನಾಂಕದ ಮೂಲಕವೇ.